ಮಾಚೋಜನ ಚಾಚುಗೈ

ಬಹಳ ಹಿಂದೆ, ಸೂರ್ಯ ಯಾರ ಮನೆಗೆ ಬೇಕಾದರೂ ಹೇಳದೆ ಕೇಳದೆ ನುಗ್ಗುತ್ತಿದ್ದ ಕಾಲದಲ್ಲಿ, ಬಿಸಿಲಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹನ್ನೆರಡು ತಿಂಗಳೂ ಬಿಸಿಲು. ಹಾಗಾಗಿ ಅರಮನೆಯಿಂದ ಹಿಡಿದು ಕುರಿಹಟ್ಟಿಯವರೆಗೆ ಪರದೆಯಿಲ್ಲದ ಬಾಗಿಲಿರಲಿಲ್ಲ. ರಾಜನ ಕುದುರೆಲಾಯಕ್ಕೂ ಹೂವಿನಂಚಿನ ಪರದೆ ಹಾಕಿಸಿದ್ದರು. ಕುದುರೆಗಳು ಅದನ್ನು ತಿಂದು ಮುಗಿಸುತ್ತಿದ್ದವು ಅನ್ನುವುದು ಬೇರೆ ಮಾತು.

ಆ ಊರಿನಲ್ಲಿ ಮಾಚೋಜನೆಂಬ ಕಮ್ಮಾರ ಇದ್ದ. ಪರದೆಯ ಸರಳನ್ನು ಹೊರಲು ಗೋಡೆಗೆ ಬಡಿಯುತ್ತಾರಲ್ಲ, ಆ ಕಬ್ಬಿಣದ ಕೈಗಳನ್ನು ಮಾಡುವುದು ಅವನ ಕಸುಬು. ಪರದೆ ನೇಯುವವಳು ಕೇತಲೆ. ಅವಳು ಬಟ್ಟೆ ತರುತ್ತಿದ್ದಳು, ಅವನು ಏಣಿ ಹತ್ತಿ ಕೈ ಬಡಿಯುತ್ತಿದ್ದ. ಕೆಳಗೆ ನಿಂತು ಅವಳು, ಒಂದು ಬೆರಳು ಮೇಲೆ, ಅರ್ಧ ಬೆರಳು ಎಡಕ್ಕೆ ಎಂದು ಹೇಳುತ್ತಲೇ ಇರುತ್ತಿದ್ದಳು. ಪ್ರತಿ ಸಲವೂ ಅವನು ಮೊಳೆ ಕಿತ್ತು ಬೇರೆ ಕಡೆ ಬಡಿಯಬೇಕು. ಒಂದು ಗೋಡೆಯಲ್ಲಿ ಒಂಬತ್ತು ತೂತು ಬಿದ್ದ ದಿನ ಕೇತಲೆಗೆ ನಗು ತಡೆಯಲಾಗಲಿಲ್ಲ.

"ನಿನ್ನ ಕಬ್ಬಿಣಕ್ಕೂ ನಿನ್ನ ಥರಾನೇ ಹಟ," ಎಂದಳು. "ಒಂದು ಸಲ ಕೂತರೆ ಜಗ್ಗಲ್ಲ. ಬೇಕಾದ ಹಾಗೆ ಸರಿಯೋ ಕೈ ಮಾಡಬಾರದಾ?"

ಮದುವೆಯಾದ ಮೇಲೆ ಮಾಡಿಕೊಡುತ್ತೇನೆ ಅಂದ ಮಾಚೋಜ. ಮದುವೆ ಎಂಬ ಮಾತು ಅವರ ನಡುವೆ ಬಂದದ್ದೇ ಹಾಗೆ. ಇಬ್ಬರಿಗೂ ನಾಚಿಕೆಯಾಗಿ ಆ ದಿನ ಪರದೆ ಸೊಟ್ಟಗೇ ತೂಗಾಡಿತು.

ಅದೇ ರಾಜ್ಯದ ಗಡಿಯ ಗುಹೆಯಲ್ಲಿ ಮಬ್ಬರಾಯನೆಂಬ ಮಾಂತ್ರಿಕ ಇದ್ದ. ಬೆಳಕು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸೂರ್ಯನಿಗೇ ಹೊದಿಸುವಂಥ ಪರದೆ ನೇದು ಕೊಡು ಎಂದು ಅವನು ಕೇತಲೆಯನ್ನು ಕೇಳಿದ. ಬೆಳಕಿಗೆ ಸ್ವಲ್ಪ ಸಂಕೋಚ ಕಲಿಸುವುದಷ್ಟೇ ನನ್ನ ಕೆಲಸ, ಅದನ್ನು ಸಾಯಿಸುವುದಲ್ಲ ಎಂದು ಹೇಳಿ ಅವಳು ಅವನನ್ನು ವಾಪಸು ಕಳಿಸಿದಳು.

ಮದುವೆಯ ದಿನ ಬಂತು. ಕೇತಲೆಯ ಮನೆಯಲ್ಲೇ ಮದುವೆ. ಹುಡುಗಿ ತನ್ನ ಮಗ್ಗದ ಕೋಣೆಯ ಹೊಸ್ತಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಎದುರಿಗೆ ಮಾಚೋಜ, ಅಂಗೈಯಲ್ಲಿ ಜೀರಿಗೆ ಬೆಲ್ಲ. ನಡುವೆ ಇಬ್ಬರು ಹಿಡಿದ ಅಂತರಪಟ. ಮುಹೂರ್ತಕ್ಕೆ ಅಂತರಪಟ ಸರಿಯಬೇಕು, ಜೀರಿಗೆ ಬೆಲ್ಲವನ್ನು ಒಬ್ಬರ ತಲೆಯ ಮೇಲೆ ಒಬ್ಬರು ಇಡಬೇಕು. ಅಷ್ಟರಲ್ಲಿ ಮಬ್ಬರಾಯ ತಲೆಬಾಗಿಲಲ್ಲಿ ನಿಂತು ಒಂದು ಸಲ ಊದಿದ. ಆ ಗಾಳಿಗೆ ಕೇತಲೆ ಹಿಂದಕ್ಕೆ ಕೋಣೆಯೊಳಗೆ ಸರಿದುಹೋದಳು. ಅಂತರಪಟ ಹಿಡಿದವರ ಕೈಯಿಂದ ಹಾರಿ, ಬೂದುಬಣ್ಣದ ದೊಡ್ಡ ಪರದೆಯಾಗಿ, ಕರೀ ಸರಳಿನ ಮೇಲೆ ಆ ಕೋಣೆಯ ಬಾಗಿಲಿಗೆ ತೂಗಿಕೊಂಡಿತು. ಅದರ ಎರಡೂ ಪಕ್ಕ ಗೋಡೆಗೆ ಅಂಟಿಕೊಂಡವು.

"ಈ ಬಟ್ಟೆಯನ್ನು ಮುಟ್ಟಬಾರದು, ಹರಿಯಬಾರದು, ಇಳಿಸಬಾರದು," ಎಂದ ಮಬ್ಬರಾಯ. "ಮುಟ್ಟಿದರೆ ಇದು ಒಂದು ಬೆರಳಿನಷ್ಟು ಉದ್ದವಾಗುತ್ತದೆ. ಮುಟ್ಟದಿದ್ದರೂ ಪ್ರತಿ ಅಮಾವಾಸ್ಯೆಯ ನಡುಮಧ್ಯಾಹ್ನಕ್ಕೆ ಒಂದು ಬೆರಳು ಉದ್ದವಾಗುತ್ತದೆ. ಇದರ ಸೆರಗು ನೆಲ ಮುಟ್ಟಿದ ದಿನ, ಒಳಗಿರುವ ಜೀವ ಮಬ್ಬಿನ ಪಾಲು."

ಸೆರಗಿಗೂ ನೆಲಕ್ಕೂ ಆಗ ನಾಲ್ಕು ಬೆರಳು ಸಂದು. ಆ ಸಂದಿನಲ್ಲಿ ಕೇತಲೆಯ ಕಾಲ್ಬೆರಳುಗಳು ಕಾಣುತ್ತಿದ್ದವು, ಅರಿಸಿನ ಹಚ್ಚಿದ ಹತ್ತು ಬೆರಳು. ಅಷ್ಟು ಬಿಟ್ಟರೆ ಬೇರೇನೂ ಇಲ್ಲ. ಕೂಗಿದರೆ ಉತ್ತರವಿಲ್ಲ, ಮಾತು ಆಚೆ ದಾಟುತ್ತಿರಲಿಲ್ಲ. ಹಿಂದಿನಿಂದ ಗೋಡೆ ಒಡೆದು ನೋಡಿದರು. ಅಲ್ಲಿ ಹಿತ್ತಲಿತ್ತು, ಕೋಣೆ ಇರಲಿಲ್ಲ. ರಾಜ ಕಳಿಸಿದ ಭಟನೊಬ್ಬ ಮೀಸೆ ತಿರುವುತ್ತಾ ಬಂದು ಈಟಿಯಿಂದ ಪರದೆಯನ್ನು ತಿವಿದ. ಪರದೆ ಒಂದು ಬೆರಳು ಇಳಿಯಿತು. ಅವನ ಮೀಸೆಯೂ ಇಳಿಯಿತು.

ಮಾಚೋಜ ಮಾತ್ರ ಪರದೆಯನ್ನು ನೋಡಲಿಲ್ಲ, ಅದನ್ನು ಹೊತ್ತ ಸರಳನ್ನು ನೋಡಿದ. ಇಳಿಸಬಾರದು ಅಂದಿದ್ದಾನೆ, ಏರಿಸಬಾರದು ಅಂದಿಲ್ಲವಲ್ಲ. ಸಂದು ಉಳಿಯಬೇಕಾದರೆ ಸರಳು ತಿಂಗಳಿಗೊಂದು ಬೆರಳು ಏರುತ್ತಿರಬೇಕು. ಮದುವೆಯಾದ ಮೇಲೆ ಮಾಡಿಕೊಡುತ್ತೇನೆ ಎಂದಿದ್ದ ಕೈಯನ್ನು ಅವನು ಈಗ ಮಾಡಲು ಕೂತ. ಆದರೆ ಆ ಕರೀ ಸರಳಿನ ಭಾರಕ್ಕೆ ಊರಿನ ಕಬ್ಬಿಣವೆಲ್ಲ ಬಾಗಿಹೋಯಿತು.

ಕರಿಮಡುವಿನಲ್ಲಿ ಒಂದು ಮಕರ ಇದೆ, ಅದರ ಹಲ್ಲು ಸವೆಯುವುದಿಲ್ಲ ಎಂದು ಹೇಳುವುದನ್ನು ಅವನು ಕೇಳಿದ್ದ. ಹೋದ. ಆನೆಯಷ್ಟು ದೊಡ್ಡ ಮಕರ ನೀರಿನಿಂದ ಎದ್ದು ಏನು ಬೇಕೆಂದು ಕೇಳಿತು.

"ಅವಳ ಕಾಲ್ಬೆರಳು ಕಾಣ್ತಿರಬೇಕು," ಎಂದ ಮಾಚೋಜ.

"ಅಷ್ಟೇನಾ?"

"ಅಷ್ಟೇ."

ಹಾಗಾದರೆ ನೀನೇ ಕಿತ್ತುಕೋ ಎಂದು ಮಕರ ಬಾಯಿ ತೆರೆಯಿತು. ಅವನು ಭುಜದವರೆಗೆ ತೋಳು ಹಾಕಿ ಒಂದು ಹಲ್ಲು ಕಿತ್ತ. ಅವನಿಗೆ ಹೆದರಿಕೆಯೇ ಆಗಲಿಲ್ಲ. ಹೆದರಿಕೆಯನ್ನೆಲ್ಲ ಅವನು ಆ ಮೂರು ಬೆರಳು ಸಂದಿಗೇ ಖರ್ಚು ಮಾಡಿಬಿಟ್ಟಿದ್ದ.

ಹಲ್ಲನ್ನು ಕಬ್ಬಿಣದೊಡನೆ ಕಾಯಿಸಿ ಬಡಿದು, ಇಪ್ಪತ್ತನಾಲ್ಕು ಕಚ್ಚುಗಳ ಎರಡು ಪಟ್ಟಿ ಮಾಡಿದ. ಪಟ್ಟಿಯನ್ನು ಗೋಡೆಗೆ ಬಡಿದ, ಅದರ ಮೇಲೆ ಹತ್ತಿಳಿಯುವ ಕೈ ಕೂರಿಸಿದ. ಪ್ರತಿ ಅಮಾವಾಸ್ಯೆ ಪರದೆ ಒಂದು ಬೆರಳು ಬೆಳೆಯುತ್ತಿತ್ತು, ಅವನು ಎಡಕ್ಕೊಂದು ಬಲಕ್ಕೊಂದು ಕಚ್ಚು ಏರಿಸುತ್ತಿದ್ದ. ಮಬ್ಬರಾಯ ತಿಂಗಳಿಗೊಮ್ಮೆ ಬಂದು ನೋಡಿ ಹಲ್ಲು ಕಡಿದುಕೊಂಡು ಹೋಗುತ್ತಿದ್ದ.

ಉಳಿದ ದಿನವೆಲ್ಲ ಮಾಚೋಜ ನೆಲದಲ್ಲಿ ಕೂತು ಆ ಬೆರಳುಗಳನ್ನು ನೋಡುತ್ತಿದ್ದ. ಜೀರಿಗೆ ಬೆಲ್ಲ ಒಣಗಿ ಕಲ್ಲಾಗಿತ್ತು. ಅದನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡಿದ್ದ. ಕೇತಲೆಯ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಎರಡು ಸಲ ಎಡಗಾಲು, ಒಂದು ಸಲ ಬಲಗಾಲು, ಸ್ವಲ್ಪ ತಡೆದು ಮತ್ತೆ ಎರಡು ಸಲ ಎಡಗಾಲು. ಅವಳಿಗೆ ತನ್ನ ನೆನಪು ಬಂದಿದೆ ಅಂದುಕೊಳ್ಳುತ್ತಿದ್ದ ಅವನು. ತನ್ನ ಸುತ್ತಿಗೆಯಿಂದ ನೆಲಕ್ಕೆ ಅದೇ ತಾಳ ಕುಟ್ಟುತ್ತಿದ್ದ. ಅದು ಅವಳಿಗೆ ಕೇಳುವುದಿಲ್ಲವೆಂದು ಗೊತ್ತಿತ್ತು. ಆದರೂ ಕುಟ್ಟುತ್ತಿದ್ದ, ಕುಟ್ಟಿ ಕುಟ್ಟಿ ಅಳುತ್ತಿದ್ದ.

ವರ್ಷ ಕಳೆಯಿತು. ಪರದೆ ಉದ್ದವಾದಷ್ಟೂ ಭಾರವಾಯಿತು. ಸರಳು ನಡುವೆ ಜೋಲಿ ಬಿತ್ತು. ಎರಡು ತುದಿಯಲ್ಲಿ ಎಷ್ಟು ಏರಿಸಿದರೇನು, ನಡುವಿನಲ್ಲಿ, ಸರಿಯಾಗಿ ಕೇತಲೆಯ ಪಾದದ ಮುಂದೆಯೇ, ಸೆರಗು ನೆಲಕ್ಕೆ ಹತ್ತಿರವಾಯಿತು. ನಡುವಿಗೂ ಒಂದು ಕೈ ಬೇಕಾಯಿತು, ಬಾಗದಂಥದ್ದು.

ಬೋಳುಬೆಟ್ಟದ ಕಲ್ಲುಬಾಗಿಲಲ್ಲಿ ಒಂದು ಗಜಸಿಂಹ ಕಾವಲಿತ್ತು. ಮೈ ಸಿಂಹದ್ದು, ಸೊಂಡಿಲು ಆನೆಯದ್ದು. ಏನು ಬೇಕೆಂದು ಅದೂ ಕೇಳಿತು.

"ಅವಳ ಕಾಲ್ಬೆರಳು ಕಾಣ್ತಿರಬೇಕು."

"ಅಷ್ಟೇನಾ?"

"ಅಷ್ಟೇ."

ಹಾಗಾದರೆ ನನ್ನನ್ನು ಹೊತ್ತು ಈ ಬೆಟ್ಟ ಒಂದು ಸುತ್ತು ಬಾ ಎಂದಿತು ಗಜಸಿಂಹ. ಬೆಳಗ್ಗೆ ಹೊತ್ತವನು ಸಂಜೆಗೆ ಇಳಿಸಿದ. ಅದು ತನ್ನ ದಂತದ ಒಂದು ಚೂರು ಕೊಟ್ಟಿತು. ಆ ದಂತ ಸೇರಿಸಿ ಮಾಡಿದ ಮೂರನೆಯ ಕೈಯನ್ನು ನಡುವೆ, ಬಾಗಿಲಿನ ಮೇಲುಗಡೆ ಇನ್ನೊಂದು ಕಚ್ಚುಪಟ್ಟಿಗೆ ಕೂರಿಸಿದ. ಸರಳು ನೆಟ್ಟಗಾಯಿತು, ಹತ್ತು ಬೆರಳೂ ಮತ್ತೆ ಕಂಡವು. ಮಾಚೋಜ ಮತ್ತೆ ನೆಲದಲ್ಲಿ ಕೂತ. ಕಬ್ಬಿಣಕ್ಕೆ ಹಟ ಎಂದು ಕೇತಲೆ ಹೇಳಿದ್ದು ಸುಳ್ಳಲ್ಲ. ಅವನೂ ಕೂತರೆ ಜಗ್ಗುವವನಲ್ಲ.

ಇನ್ನೊಂದು ವರ್ಷ ಕಳೆಯಿತು. ಇಪ್ಪತ್ತನಾಲ್ಕನೆಯ ಕಚ್ಚೂ ಮುಗಿದು ಸರಳು ಸೂರಿಗೆ ತಾಗಿತು. ಇನ್ನು ಏರಿಸಲು ಜಾಗವಿಲ್ಲ. ಒಂದೊಂದೇ ಅಮಾವಾಸ್ಯೆ ಕಳೆದು ಸಂದು ಒಂದು ಬೆರಳಿಗೆ ಇಳಿಯಿತು. ಮುಂದಿನ ಅಮಾವಾಸ್ಯೆಗೆ ಉಳಿದದ್ದು ಒಂಬತ್ತೇ ದಿನ.

ಮಗಳು ಹೋದ ದಿನದಿಂದ ಆ ನಡುಮನೆಗೆ ಕಾಲಿಡದಿದ್ದ ಕೇತಲೆಯ ತಾಯಿ ಸೋವವ್ವೆ ಆ ದಿನ ಗೋಡೆ ಹಿಡಿದುಕೊಂಡು ಬಂದಳು. ಕೊನೆಗೆ ಪಾದವನ್ನಾದರೂ ನೋಡುತ್ತೇನೆ ಎಂದು ನೆಲಕ್ಕೆ ಕೆನ್ನೆಯಿಟ್ಟು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಅಳು ನಿಂತಿತು.

"ಇವಳು ಎಷ್ಟು ದಿನದಿಂದ ಹೀಗೆ ತುಳೀತಿದ್ದಾಳೆ?" ಎಂದು ಕೇಳಿದಳು.

ಮೊದಲ ದಿನದಿಂದಲೂ ಅಂದ ಮಾಚೋಜ.

"ಅಯ್ಯೋ ಮಂಕೆ, ಅವಳು ನೇಯ್ತಿದ್ದಾಳೆ ಕಣೋ. ಮಗ್ಗದಲ್ಲಿ ಕಾಲುಮಣೆ ಹೀಗೆ ತುಳಿಯೋದು ಅಂಚು ಕಟ್ಟುವಾಗ ಮಾತ್ರ. ಅಂಚು, ಅಂಚು, ಅಂಚು ಅಂತಿದ್ದಾಳೆ. ನೀನು ಎರಡು ವರ್ಷದಿಂದ ಸೆರಗು ಹಿಡ್ಕೊಂಡು ಕೂತಿದ್ದೀಯ. ಪರದೆಗೆ ಪಕ್ಕ ಅನ್ನೋದು ಇಲ್ಲವಾ?"

ಮಾಚೋಜ ಎರಡು ಪಕ್ಕವನ್ನೂ ನೋಡಿದ. ಗೋಡೆಗೆ ಅಂಟಿದ ಬಟ್ಟೆ, ಕೂದಲು ತೂರುವಷ್ಟೂ ಸಂದಿಲ್ಲ. ಆದರೆ ಸರಳೇ ಗೋಡೆಯಿಂದ ಮುಂದಕ್ಕೆ ಬಂದರೆ? ಮೂರು ಕೈಗಳೂ ಮೊಳದಷ್ಟು ಚಾಚಿಕೊಂಡರೆ? ಬಟ್ಟೆಯನ್ನು ಮುಟ್ಟಬೇಕಿಲ್ಲ, ಹರಿಯಬೇಕಿಲ್ಲ, ಇಳಿಸಬೇಕಿಲ್ಲ. ಪಕ್ಕದಲ್ಲಿ ಒಬ್ಬರು ಹಾಯುವಷ್ಟು ದಾರಿಯಾಗುತ್ತದೆ. ಇಷ್ಟು ಸುಲಭದ್ದು ತನಗೆ ಯಾಕೆ ಹೊಳೆಯಲಿಲ್ಲ ಅನ್ನುವುದೂ ಅವನಿಗೆ ಆಗಲೇ ತಿಳಿಯಿತು. ಪರದೆ ಮುಂದೆ ಬಂದರೆ ಆ ಕಿರಿದಾದ ಸಂದಿನಲ್ಲಿ ಅವಳ ಬೆರಳುಗಳು ಕಾಣುವುದಿಲ್ಲ. ಕಾಣದೆ ಇರುವುದನ್ನು ಅವನ ಮನಸ್ಸು ಯೋಚಿಸಲೂ ಒಪ್ಪಿರಲಿಲ್ಲ.

ಚಾಚುವುದನ್ನು ಕಲಿಸುವವರು ಯಾರು? ಹಿರಿಕೆರೆಯ ತೂಬಿನಲ್ಲಿ ಮಾತಾಡುವ ಒಂದು ಮುದಿ ಆಮೆಯಿತ್ತು. ಮಾಚೋಜ ಓಡಿದ. ಆಮೆ ಕತ್ತು ಹೊರಗೆ ಹಾಕಿ ಏನು ಬೇಕೆಂದು ಕೇಳಿತು.

ನಾಲಗೆಗೆ ಅಭ್ಯಾಸವಾದ ಮಾತು. ಅವಳ ಕಾಲ್ಬೆರಳು ಕಾಣ್ತಿರಬೇಕು ಎಂದುಬಿಟ್ಟ. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಮೂರು ದಿನ ಹೊರಗೆ ಬರಲಿಲ್ಲ.

ನಾಲ್ಕನೆಯ ದಿನ ಮತ್ತೆ ತಲೆ ಹಾಕಿ ಕೇಳಿತು. ಅವಳ ದನಿಯಾದರೂ ಕೇಳಿದರೆ ಸಾಕು ಎಂದ. ತಲೆ ಮತ್ತೆ ಒಳಗೆ ಹೋಯಿತು. ಇನ್ನೂ ಮೂರು ದಿನ. ಮಾಚೋಜ ತೂಬಿನ ಕಲ್ಲಿಗೆ ಹಣೆ ಹಚ್ಚಿ ಕೂತ. ಮೊದಲೆರಡು ಪ್ರಾಣಿಗಳು ತನಗೆ ಮೋಸ ಮಾಡಿರಲಿಲ್ಲ, ತಾನು ಕೇಳಿದಷ್ಟನ್ನೇ ಕೊಟ್ಟಿದ್ದವು ಎಂದು ಅವನಿಗೆ ಆಗ ಅನ್ನಿಸಿತು.

ಏಳನೆಯ ದಿನ ಆಮೆ ಮೂರನೆಯ ಸಲ ಕೇಳಿತು.

"ಅವಳು ಬೇಕು," ಎಂದ ಮಾಚೋಜ. "ಬೆರಳಲ್ಲ. ಅವಳೇ ಬೇಕು. ಏಣಿ ಕೆಳಗೆ ನಿಂತು ನನ್ನ ಕೆಲಸಕ್ಕೆಲ್ಲ ತಪ್ಪು ಹೇಳೋಕೆ ಅವಳು ಬೇಕು."

"ಅಷ್ಟೇನಾ?"

"ಇಷ್ಟೂ ಬೇಕು. ಇದಕ್ಕಿಂತ ಒಂದು ಕೂದಲು ಕಡಿಮೆಯಾದರೂ ನನಗೆ ಸಾಲದು."

ಆಮೆ ಕತ್ತನ್ನು ಪೂರ್ತಿ ಹೊರಗೆ ಚಾಚಿತು, ಅಷ್ಟುದ್ದ ಕತ್ತಿದೆ ಎಂದು ಯಾರೂ ಅಂದುಕೊಂಡಿರಲಾರರು. ಬೆನ್ನಿನ ಮೂರು ಚಿಪ್ಪು ಕೊಟ್ಟು, ಕರೆದರೆ ಮುಂದೆ ಬರುತ್ತದೆ, ತಟ್ಟಿದರೆ ಒಳಗೆ ಹೋಗುತ್ತದೆ, ಹೋಗು ಎಂದಿತು.

ಅಮಾವಾಸ್ಯೆಯ ಬೆಳಗ್ಗೆಯ ಹೊತ್ತಿಗೆ ಮೂರು ಕೈಗಳಿಗೂ ಚಿಪ್ಪು ಬೆಸೆದು ಮುಗಿಸಿದ. ಏಣಿ ಇಳಿದು ಕೊನೆಯ ಸಲ ನೆಲದಲ್ಲಿ ಕೂತು ಆ ಹತ್ತು ಬೆರಳುಗಳನ್ನು ಕಣ್ತುಂಬ ನೋಡಿದ. ಆಮೇಲೆ ಎದ್ದು, ಬಾ ಎಂದು ಕರೆದ. ಮೂರು ಕೈಗಳೂ ಒಟ್ಟಿಗೆ ಮುಂದಕ್ಕೆ ಚಾಚಿಕೊಂಡವು. ಪರದೆ ಗೋಡೆ ಬಿಟ್ಟು ಮೊಳದಷ್ಟು ಮುಂದೆ ಬಂತು. ಬೆರಳುಗಳು ಮರೆಯಾದವು. ಎರಡು ವರ್ಷದಲ್ಲಿ ಅವಳ ಗುರುತೇ ಇಲ್ಲದ ಕ್ಷಣ ಅದೊಂದೇ. ಆ ಕ್ಷಣ ಅವನಿಗೆ ಆ ಎರಡು ವರ್ಷಕ್ಕಿಂತ ಉದ್ದವಾಗಿತ್ತು.

ಎಡಪಕ್ಕದ ಸಂದಿನಿಂದ ಮೊದಲು ಒಂದು ಭುಜ ಬಂತು. ಆಮೇಲೆ ಬಾಸಿಂಗ ಕಟ್ಟಿದ ಹಣೆ. ಕೇತಲೆ ಅಡ್ಡಡ್ಡವಾಗಿ ಜರುಗುತ್ತಾ, ಬಟ್ಟೆಗೆ ಎಲ್ಲೂ ತಾಗದೆ ಹೊರಗೆ ಬಂದು ನಿಂತಳು. ಮಾಚೋಜ ಪಂಚೆಯ ಗಂಟು ಬಿಚ್ಚಿ ಅಂಗೈ ತೋರಿಸಿದ.

"ಇನ್ನೂ ಇಟ್ಕೊಂಡಿದ್ದೀಯಾ?" ಎಂದಳು ಅವಳು. ಅಷ್ಟು ಹೇಳಿ ಅತ್ತಳು.

ಅಷ್ಟರಲ್ಲಿ ಮಧ್ಯಾಹ್ನವಾಗುತ್ತಾ ಬಂತು. ಹೊರಗೆ ಮಬ್ಬರಾಯನ ಹೆಜ್ಜೆ ಕೇಳಿಸಿತು. ಸೋವವ್ವೆ ಇಬ್ಬರನ್ನೂ ತಲೆಬಾಗಿಲ ಹಿಂದೆ ಎಳೆದಳು. ಮಬ್ಬರಾಯ ನಗುತ್ತಾ ಬಂದ, ಮುಂದಕ್ಕೆ ಬಂದ ಪರದೆ ಕಂಡು ನಗು ನಿಲ್ಲಿಸಿದ. ಬಟ್ಟೆ ಹರಿದಿಲ್ಲ, ಇಳಿದಿಲ್ಲ, ಮುಟ್ಟಿದ ಗುರುತಿಲ್ಲ. ಹಾಗಾದರೆ ಹುಡುಗಿ ಒಳಗೇ ಇರಬೇಕು. ನೋಡಿಬಿಡೋಣವೆಂದು ಅವನು ಆ ಪಕ್ಕದ ಸಂದಿನಲ್ಲೇ ತೂರಿ ಒಳಗೆ ಹೋದ.

ಮಾಚೋಜ ಬಾಗಿಲ ಹಿಂದಿನಿಂದ ಬಂದು ಸುತ್ತಿಗೆ ಚಾಚಿ ಎಡಗೈ ತಟ್ಟಿದ, ನಡುಗೈ ತಟ್ಟಿದ, ಬಲಗೈ ತಟ್ಟಿದ. ಮೂರೂ ಒಳಗೆ ಸರಿದವು, ಪರದೆ ಗೋಡೆಗೆ ಅಂಟಿತು. ಕೆಳಗೆ ಎರಡು ಕೊಳಕು ಹೆಬ್ಬೆರಳು ಕಂಡವು. ಅವೂ ಏನನ್ನೋ ತುಳಿಯುತ್ತಿದ್ದವು, ಆದರೆ ಅದು ಏನೆಂದು ತಿಳಿಯುವ ಗೋಜಿಗೆ ಯಾರೂ ಹೋಗಲಿಲ್ಲ. ನಡುಮಧ್ಯಾಹ್ನವಾಯಿತು. ಪರದೆ ತನ್ನ ನೇಮದಂತೆ ಒಂದು ಬೆರಳು ಇಳಿದು ನೆಲ ಮುಟ್ಟಿತು. ಒಳಗಿದ್ದ ಜೀವ ಮಬ್ಬಿನ ಪಾಲಾಯಿತು. ಕರೀ ಸರಳು ಬೂದಿಯಾಗಿ ಉದುರಿತು, ದೊಡ್ಡ ಪರದೆ ಮೊದಲಿನ ಪುಟ್ಟ ಅಂತರಪಟವಾಗಿ ನೆಲಕ್ಕೆ ಬಿತ್ತು. ಹಿಂದೆ ಮಗ್ಗದ ಕೋಣೆ ಇತ್ತು, ತುಂಬ ಬಿಸಿಲಿತ್ತು.

ಸೋವವ್ವೆ ಅಂತರಪಟವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಕಲ್ಲಾದ ಜೀರಿಗೆ ಬೆಲ್ಲವನ್ನು ಒಬ್ಬರ ತಲೆಯ ಮೇಲೆ ಒಬ್ಬರು ಇಟ್ಟರು.

ಆಮೇಲೆ ಬಿಸಿಲಗಿರಿಯಲ್ಲಿ ಎಲ್ಲರಿಗೂ ಚಾಚುಗೈಯೇ ಬೇಕಾಯಿತು. ಏರಿಸಬಹುದು, ಇಳಿಸಬಹುದು, ಮುಂದೆ ತರಬಹುದು, ಗೋಡೆಗೆ ಒಂದೇ ತೂತು. ಈಗ ನಮ್ಮ ನಿಮ್ಮ ಮನೆಗಳಲ್ಲಿ ಪರದೆಯ ಸರಳನ್ನು ಹೊತ್ತು ನಿಂತಿರುವ ಬ್ರಾಕೆಟ್‌ಗೆ ಅದೇ ಮುತ್ತಜ್ಜ. ಲಾಯದ ಪರದೆ ಕುದುರೆಗಳ ಬಾಯಿಗೆ ಎಟುಕದ ಎತ್ತರಕ್ಕೆ ಏರಿತು. ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ಕುದುರೆಗಳು ಹುಲ್ಲು ತಿಂದುಕೊಂಡು ಸುಖವಾಗಿದ್ದವು.

ಕೇತಲೆ ಮಗ್ಗಕ್ಕೆ ಕೂತಾಗೆಲ್ಲ ಮಾಚೋಜ ಕೆಲಸ ಬಿಟ್ಟು ಬಂದು ನೆಲದಲ್ಲಿ ಕೂರುತ್ತಿದ್ದ. ಕಾಲುಮಣೆ ತುಳಿಯುವ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅಭ್ಯಾಸ, ಏನು ಮಾಡುವುದು. ಅವಳು ಸ್ವಲ್ಪ ಹೊತ್ತು ಬಿಟ್ಟು ಲಾಳಿ ನಿಲ್ಲಿಸಿ, ಮೊದಲಿನ ಹಾಗೇ ಹೇಳುತ್ತಿದ್ದಳು.

"ಇನ್ನೂ ಮೇಲೆ."

ಅವನು ತಲೆ ಎತ್ತಿ ಅವಳ ಮುಖ ನೋಡುತ್ತಿದ್ದ.