ನನ್ನ ಫೋನಿಗೆ ಮಾತ್ರ ಬಾರದ ನೋಟಿಫಿಕೇಶನ್

ಅಮರೇಶನನ್ನು ನಾನು ಮೊದಲ ದಿನವೇ ಬೈದು ಕಳಿಸಿದ್ದೆ.

ಇಳಕಲ್ ಸೀರೆಗಳ ಬಗ್ಗೆ ನಾನೊಂದು ಬ್ಲಾಗ್ ಬರೆಯುತ್ತೇನೆ. ಕೈಮಗ್ಗದ್ದೆಂದು ಹೇಳಿ ಪವರ್‌ಲೂಮಿನ ಸೀರೆ ಮಾರುವವರಿಗೆ ಅದರಲ್ಲಿ ಮುಖಕ್ಕೆ ಹೊಡೆದಂತೆ ಹೇಳುತ್ತೇನೆ. ಓದುವವರು ಆ್ಯಪ್ ಬೇಕೆಂದರು. ಹುನಗುಂದದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅಮರೇಶ ಮಾಡಿಕೊಟ್ಟ. ಉಳಿದದ್ದು ಒಂದೇ ಕೆಲಸ. ಹೊಸ ಬರಹ ಹಾಕಿದ ಕೂಡಲೇ ಎಲ್ಲರ ಫೋನಿಗೂ ನೋಟಿಫಿಕೇಶನ್ ಹೋಗಬೇಕು.

ನನ್ನ ಫೋನಿಗೆ ಬರಲಿಲ್ಲ.

"ಏನ್ರಿ ಇದು? ನಿಮಗ ಬರ್ತೈತೋ ಇಲ್ಲೋ ಈ ಕೆಲಸ?"

ಅವನು ನನ್ನ ಫೋನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅರೆನರೆತ ಮೀಸೆಯ ಕೆಳಗೆ ನಗು ಬಂದು ಹೋಯಿತು. "ಮುಂದಿನ ವಾರ ಬಂದು ನೋಡ್ತೇನ್ರಿ."

ಬಂದ. ಅದರ ಮುಂದಿನ ವಾರವೂ ಬಂದ. ಬಸ್ಸಿಳಿದು, ಬೆವರು ಒರೆಸಿಕೊಂಡು, ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದ. ನಾನು ಬೈಯುತ್ತಿದ್ದೆ, ಚಹಾ ಕೊಡುತ್ತಿದ್ದೆ. ಬರಬರುತ್ತ ಬೈಗುಳ ಕಡಿಮೆಯಾಗಿ ಚಹಾದ ಜೊತೆಗೆ ಚೂಡಾ ಸೇರಿತು.

ನನ್ನ ಬಾಯಿಗೆ ಹೆದರಿ ಯಾವ ವರನೂ ಎರಡನೇ ಸಲ ನಮ್ಮ ಮನೆ ಮೆಟ್ಟಿಲು ಹತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಯಾರೂ ಬರುವುದೇ ನಿಂತಿತ್ತು. ಇವನೂ ನನ್ನ ಹಾಗೆ ಒಂಟಿ. ಅವನು ಬರುವ ದಿನ ನಾನು ಹಬ್ಬಕ್ಕೆಂದು ಎತ್ತಿಟ್ಟ ಗೋಮಿ ದಡಿಯ ಇಳಕಲ್ ಸೀರೆ ಉಡತೊಡಗಿದೆ. ಇವತ್ತೇ ಎಲ್ಲ ಸರಿಯಾಗಿಬಿಟ್ಟರೆ ಏನು ಗತಿ ಎಂದು ಹೆದರತೊಡಗಿದೆ.

ಒಂದು ಸಿಟ್ಟು ಮಾತ್ರ ಹಾಗೇ ಇತ್ತು. ಪಕ್ಕದ ಮನೆಯ ಜೋಹರಾಗೆ ಅವನು ಬಾಯ್ತುಂಬ "ಅಕ್ಕಾರ" ಎನ್ನುತ್ತಿದ್ದ. ಓಣಿಯ ಹೆಂಗಸರೆಲ್ಲ ಅವನಿಗೆ ಅಕ್ಕಾರೇ. ನಾನು ಮಾತ್ರ "ಬಸವೇಶ್ವರಿ ಅವರ". ನಾನೇನು ಪಾಪ ಮಾಡಿದ್ದೆ?

ಆ ದಿನವೂ ಅವನು ಲ್ಯಾಪ್‌ಟಾಪಿನಿಂದ ಪರೀಕ್ಷೆಗೆಂದು ಒಂದು ನೋಟಿಫಿಕೇಶನ್ ಕಳಿಸಿದ. ನನ್ನ ಫೋನು ತೆಪ್ಪಗಿತ್ತು. ಗೋಡೆಯಾಚೆ, ನನ್ನ ಆ್ಯಪ್ ಹಾಕಿಸಿಕೊಂಡಿದ್ದ ಜೋಹರಾಳ ಫೋನು ಟಣ್ ಎಂದಿತು. ಅವಳು ಅದನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಯವ್ವಾ, ಇವರಿಗೆ ಸ್ವಲ್ಪ ಹೇಳ. ಇವರು ಬಂದಾಗೊಮ್ಮೆ ನನ್ನ ಫೋನು ಬಡಕೊಳ್ತೈತಿ. ಮೊದಲ್ನೇ ದಿನದಿಂದಾನೂ!"

ನಾನು ಅವನತ್ತ ತಿರುಗಿದೆ. "ಆಕಿಗೆ ಬರ್ತೈತಿ. ನನಗಷ್ಟ ಇಲ್ಲ?"

"ನೋಟಿಫಿಕೇಶನ್ ಕಳಿಸಬೇಕೇನು ಅಂತ ಆ್ಯಪ್ ಮೊದಲ ಕೇಳಿತ್ತಲ್ರಿ. ನೀವು ಬ್ಯಾಡ ಅಂತ ಒತ್ತಿದ್ರಿ."

ನೆನಪಾಯಿತು. ಎಲ್ಲ ಆ್ಯಪುಗಳೂ ಇದನ್ನೇ ಕೇಳಿ ಪ್ರಾಣ ತಿನ್ನುತ್ತವೆಂದು ಓದದೆಯೇ ಕುಟ್ಟಿದ್ದೆ.

"ನಿಮಗ ಗೊತ್ತಿತ್ತು?"

"ಮೊದಲ ದಿನಾನ ಗೊತ್ತಿತ್ರಿ."

"ಮತ್ತ ಹೇಳಾಕ ಬಾಯಿ ಬಿದ್ದಿತ್ತೇನು?"

ಅವನು ಕಿವಿಯವರೆಗೂ ಕೆಂಪಾದ. "ಹೇಳಿದ್ರ ಅವತ್ತ ಕೆಲಸ ಮುಗೀತಿತ್ತು. ಆಮ್ಯಾಲ ಯಾವ ನೆವಾ ಹೇಳಿ ಬರ್ಲಿ?"

ಜೋಹರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದಕ್ಕ ನಾ ಅಕ್ಕಾರ, ಈಕಿ ಬಸವೇಶ್ವರಿ ಅವರ!" ಎಂದವಳೇ ಮನೆಗೆ ಓಡಿದಳು.

ನಾನು ಬೈಯುವ ಬದಲು ಅವನ ಲೋಟಕ್ಕೆ ಮತ್ತೆ ಚಹಾ ಸುರಿದೆ.

ಅವನು ಪೆಚ್ಚಾಗಿ ಕೈ ಚಾಚಿದ. "ಕೊಡ್ರಿ, ಚಾಲೂ ಮಾಡಿ ಹೋಗ್ತೇನಿ."

ನಾನು ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡೆ. "ಮುಟ್ಟಬ್ಯಾಡ್ರಿ. ಹಂಗ ಇರ್ಲಿ."

"ಹೊಸಾ ಬರಹ ಹಾಕಿದ್ದು ನಿಮಗ ಹೆಂಗ ಗೊತ್ತಾಗಬೇಕು?"

"ನೀವ ಬಂದು ಹೇಳ್ರಿ."

"ನೀವ ಬರದದ್ದನ್ನ ನಿಮಗ ಬಂದು ಹೇಳ್ಬೇಕಾ?"

"ಹೂಂ. ಇನ್ನ ದಿನಾ ಬರೀತೇನಿ. ದಿನಾ ಹೋಗಿ ಬರೂದು ತ್ರಾಸ ಅನಿಸಿದ್ರ, ಇಲ್ಲೇ ಇದ್ದುಬಿಡ್ರಿ."

ಅವನು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ. ಈ ಸಲ ನಗುವನ್ನು ಮೀಸೆಯ ಕೆಳಗೆ ಅಡಗಿಸಲಿಲ್ಲ.

ನನ್ನ ಫೋನು ಇವತ್ತಿಗೂ ತೆಪ್ಪಗಿದೆ. ಹೊಸ ಬರಹ ಹಾಕಿದ ಕೂಡಲೇ ಅಡುಗೆಮನೆಯ ಬಾಗಿಲಿಗೆ ಒಬ್ಬ ಬಂದು ನಿಂತು, ಮೀಸೆ ತಿರುವಿ, "ಟಣ್" ಎನ್ನುತ್ತಾನೆ.