ಖಾಲಿ ಬಿಟ್ಟ ಚೌಕ

ಹನ್ನೊಂದು ತಿಂಗಳ ಮೇಲೆ ನಾಚಿಯಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ದಂಡಪಾಣಿಯ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. ಬೀಳಲಿ! ಅದನ್ನು ನೋಡೋಕೇ ತಾನೇ ಅವಳು ಅವನಿಗಿಷ್ಟವಾದ ನೇರಳೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಸಿಂಗಾನಲ್ಲೂರಿನಿಂದ ಬಸ್ ಹತ್ತಿ ಬಂದದ್ದು.

"ನಾಚಿ... ಚೆನ್ನಾಗಿದ್ದೀಯಾ?"

"ವಣಕ್ಕಂ ಸಾರ್," ಅಂದಳು ತಮಿಳಿನಲ್ಲಿ.

ಅವನ ಮುಖ ಬಾಡಿತು. ಕೊಯಮತ್ತೂರಿನ ಆ ಆಫೀಸಿನಲ್ಲಿ ಎಲ್ಲರದ್ದೂ ತಮಿಳು. ಮನೆಯ ಕನ್ನಡ ಇವರಿಬ್ಬರದು ಮಾತ್ರ. ಅವನು ಕಿಣತ್ತುಕಡವಿನ ಬೇಸಾಯದ ಮನೆಯ ಆರ್ಕಿಟೆಕ್ಟ್, ಅವಳು ನೇಕಾರರ ಮನೆಯಿಂದ ಬಂದು ಅವನ ಪಕ್ಕದ ಬೋರ್ಡಿನಲ್ಲಿ ನಕ್ಷೆ ಬರೆಯುತ್ತಿದ್ದವಳು. ಪ್ರೀತಿ ಹುಟ್ಟಿದ್ದು ಆ ಕನ್ನಡದಲ್ಲೇ. ಇನ್ನು ಅದರಲ್ಲಿ ಒಂದು ಮಾತೂ ಅವನಿಗೆ ಸಿಗಬಾರದು ಅಂತ ಅವಳು ಮನೆದೇವತೆ ಚೌಡಮ್ಮನ ಮೇಲೆ ಆಣೆ ಇಟ್ಟಿದ್ದಳು.

ಮತ್ತೇನು ಮಾಡಬೇಕಿತ್ತು? ಹೋದ ವರ್ಷ, ಎಂಬತ್ತೈದರಲ್ಲಿ, ದೆಹಲಿಯ ಒಂದು ವಿದೇಶಿ ರಾಯಭಾರ ಕಚೇರಿ ತನ್ನ ಹೊಸ ಕಟ್ಟಡಗಳಿಗೆ ನಕ್ಷೆ ಕೇಳಿತ್ತು. ಅಪ್ಪನ ಸೀರೆ ಅಂಚುಗಳ ಗ್ರಾಫ್ ಪುಸ್ತಕವನ್ನು ಇವಳೇ ತಂದು ಅವನ ಮುಂದೆ ಹರಡಿದ್ದಳು. "ಸುತ್ತ ಕೋಟೆ ಗೋಡೆ ಯಾಕೆ? ಈ ಅಂಚನ್ನೇ ಕಲ್ಲಿನ ಜಾಲರಿ ಮಾಡು. ವೀಸಾಗೆ ಕಾಯೋ ಜನಕ್ಕೆ ನೆರಳೂ ಆಗ್ತದೆ, ಗಾಳಿನೂ ಬರ್ತದೆ." ಅವನು ಅದನ್ನು ಚೌಕ ಚೌಕವಾಗಿ ನಕಲು ಮಾಡಿಕೊಂಡ. ನಕ್ಷೆ ಗೆದ್ದಿತು. ಪೇಪರಿನಲ್ಲಿ ಅವನೊಬ್ಬನದೇ ಹೆಸರು, ಜೊತೆಗೆ "ಕನಸಲ್ಲಿ ಹೊಳೆದ ಗೋಡೆ" ಅಂತ ಬುರುಡೆ ಬೇರೆ! ಅದನ್ನು ಓದಿಸಿ ಕೇಳಿದ ಅಪ್ಪ ಅಂಗಪ್ಪನ್ ಅರ್ಧ ಊಟಕ್ಕೇ ಎದ್ದುಹೋದ. ಇವಳು ಕೆಲಸ ಬಿಟ್ಟಳು.

ಇವತ್ತು ಕೊನೆಯ ಒಪ್ಪಿಗೆ. ರಾಯಭಾರ ಕಚೇರಿಯ ಅಧಿಕಾರಿ ಬರುತ್ತಾನೆ, ನಕ್ಷೆಯ ಹಾಳೆ ತೋರಿಸಲು ಒಂದು ದಿನಕ್ಕೆ ಬಾಮ್ಮ ಅಂತ ಮಾಲೀಕ ವೆಂಕಟಾಚಲಂ ಹೇಳಿಕಳಿಸಿದ್ದರು. ಬಂದಳು. ಗ್ರಾಫ್ ಪುಸ್ತಕ ಬ್ಯಾಗಿನಲ್ಲೇ ಇತ್ತು.

ಅಧಿಕಾರಿ ಗೋಡೆಯ ನಕ್ಷೆ ನೋಡುತ್ತಾ ನಿಂತಾಗ ಅವಳು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು. "ಸಾರ್, ಒಂದು ಡೌಟು. ಪ್ರತಿ ಹೂವಿನ ಪಕ್ಕ ಒಂದು ಚೌಕ ಖಾಲಿ ಇದೆಯಲ್ಲ, ಯಾಕೆ?"

"ಹೌದಲ್ಲ, ಯಾಕೆ?" ಅಂದ ಅಧಿಕಾರಿ.

ದಂಡಪಾಣಿ ಈಗ ನೋಡಿದ. ಮುನ್ನೂರು ಅಡಿ ಗೋಡೆಯ ಉದ್ದಕ್ಕೂ ಆ ಖಾಲಿ ಚೌಕ! ಅಂಚು ಪೂರ್ತಿ ತುಂಬಿದರೆ ದೃಷ್ಟಿಯಾಗುತ್ತದೆ ಅಂತ ಅಂಗಪ್ಪನ್ ಯಾವಾಗಲೂ ಒಂದು ಚೌಕ ಖಾಲಿ ಬಿಡುತ್ತಿದ್ದ. ನೇಕಾರರ ಮನೆಯ ಈ ಗುಟ್ಟು ಬೇಸಾಯದವನಿಗೆ ಎಲ್ಲಿ ಗೊತ್ತು?

ಅವಳು ಅವನ ಕಣ್ಣಲ್ಲೇ ಕಣ್ಣಿಟ್ಟಳು. ಹಿಂದೆ ಇದೇ ನೋಟಕ್ಕೆ ಅವನ ಗೆರೆ ವಕ್ರವಾಗುತ್ತಿತ್ತು. ಸುಳ್ಳು ಹೇಳೋ, ಇನ್ನೊಂದು ಹೇಳು, ಈ ಪುಸ್ತಕ ತೆಗೆದು ಎಲ್ಲರೆದುರು ನಿನ್ನ ಮಾನ ಹರಾಜು ಹಾಕ್ತೀನಿ, ಅಂದುಕೊಂಡಳು. ಅವಳ ಕೈ ಬ್ಯಾಗಿನೊಳಗಿತ್ತು. ಎದೆ ಮಾತ್ರ, ಹಾಳಾದ್ದು, ಬೇಡ ಬೇಡ ಅನ್ನುತ್ತಿತ್ತು.

"ನನಗೆ ಗೊತ್ತಿಲ್ಲ ಸಾರ್," ಅಂದ ದಂಡಪಾಣಿ. "ಈ ಗೋಡೆ ನನ್ನದಲ್ಲ. ಅಂಚು ಇವಳ ಅಪ್ಪನದು, ಗೋಡೆ ಮಾಡು ಅಂದವಳು ಇವಳು. ನಾನು ಕದ್ದೆ."

ವೆಂಕಟಾಚಲಂ ಹಣೆ ಹಣೆ ಚಚ್ಚಿಕೊಂಡರು. ಅಧಿಕಾರಿ ಅವಳ ಬಾಯಿಂದಲೇ ಆ ಚೌಕದ ಕಥೆ ಕೇಳಿಸಿಕೊಂಡು, "ಮೊದಲು ಸರಿಯಾದ ಹೆಸರು ಹಾಕಿ. ಆಮೇಲೆ ಸಹಿ," ಅಂದ.

ದಂಡಪಾಣಿ ನಕ್ಷೆಯ ಮೇಲಿದ್ದ ತನ್ನ ಹೆಸರನ್ನು ಬ್ಲೇಡಿನಿಂದ ತಾನೇ ಕೆರೆದು ತೆಗೆದು ಪೆನ್ನನ್ನು ಅವಳಿಗೆ ಕೊಟ್ಟ. "ನಿನ್ನ ಮೇಲಿನ ಆಸೆ ಒಂದು ದಿನವೂ ಹೋಗಿಲ್ಲ ನಾಚಿ. ಬೈಯೋದಾದರೂ ಬೈ, ನಮ್ಮ ಮಾತಲ್ಲಿ ಬೈ."

ಅವಳು ಪೆನ್ನು ತೆಗೆದುಕೊಂಡಳು. ಅಂಗಪ್ಪನ್ ಅಂತ ಬರೆದಳು, ಅದರ ಕೆಳಗೆ ನಾಚಿಯಮ್ಮ. ಮೂರನೆಯ ಸಾಲನ್ನು ಹಾಗೇ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದಳು.

"ಇದು?" ಅಂದ ಅವನು.

ಆಣೆ ಮುರಿದದ್ದು ಆಗ.

"ನಮ್ಮ ಮನೆಗೆ ಬಾ. ಈಗ ಹೇಳಿದ್ದನ್ನೇ ಅಪ್ಪನ ಮಗ್ಗದ ಮುಂದೆ ನಿಂತು ಹೇಳು. ಅವರು ಸರಿ ಅಂದರೆ ನಿನ್ನ ಹೆಸರು ನಾನೇ ಬರೀತೀನಿ."

"ಅನ್ನದಿದ್ದರೆ?"

"ಖಾಲಿನೇ ಇರಲಿ," ಅಂದಳು ನಾಚಿಯಮ್ಮ. "ಗೋಡೆಗೆ ದೃಷ್ಟಿ ಆಗಲ್ಲ."