ಎಲೆ ಗುರುತಿನ ಪೈ

ಫ್ರಿಜ್ಜಿನ ಬಾಗಿಲು ತೆಗೆದವಳ ಎದೆ ಝಲ್ಲೆಂದಿತು. ನಾಲ್ಕನೆಯ ಪೈ ಮೇಲೆ ಮತ್ತೆ ಎಲೆ ಮೂಡಿತ್ತು.

ಆಲೂಗಡ್ಡೆ, ಅಣಬೆ, ಕೋಳಿಯ ಪಲ್ಯ ತುಂಬಿ, ಮೇಲೆ ಹಿಟ್ಟಿನ ಮುಚ್ಚಳ ಹೊದಿಸಿ, ಅಂಚನ್ನು ಬೆರಳಿನಿಂದ ಒತ್ತಿ ನಾಲ್ಕನ್ನೂ ಒಳಗಿಟ್ಟವಳು ಅವಳೇ. ಹಿಟ್ಟಿನೊಳಗಿನ ಬೆಣ್ಣೆ ಗಟ್ಟಿಯಾಗಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಸ್ನಾನ ಮುಗಿಸಿ ಬರುವುದು ಅವಳ ಭಾನುವಾರದ ರೂಢಿ. ಮಾವನ ಪೈ ಮೇಲೆ ಒಲೆಯ ಸಲಿಕೆ, ಗಂಡನದರ ಮೇಲೆ ಎರಡು ಸೊನ್ನೆಯ ಕನ್ನಡಕ, ಮಗಳದರ ಮೇಲೆ ಇಲಿಯ ಬಾಲ. ಏನು ಕೊಟ್ಟರೂ ಅಂಚಿನಿಂದ ಕಚ್ಚಿ ಕಚ್ಚಿ ತಿನ್ನುವ ಆ ಹುಡುಗಿಗೆ ಮನೆಯಲ್ಲಿ ಇಲಿಮರಿ ಎಂದೇ ಹೆಸರು. ಹಬೆ ಹೋಗಲು ಸೀಳು ಬೇಕೇ ಬೇಕು. ಈ ಮನೆಯಲ್ಲಿ ಆ ಸೀಳೇ ಹೆಸರಿನ ಚೀಟಿ. ತನ್ನದರ ಮೇಲೆ ಮಾತ್ರ ಅವಳು ಒಂದು ಸಾದಾ ಗೀಟು ಎಳೆದಿದ್ದಳು.

ಆ ಗೀಟೇ ಈಗ ಎಲೆಯ ನಡುನರವಾಗಿತ್ತು. ಅದರ ಎರಡೂ ಕಡೆ ಮೂರು ಮೂರು ಸಣ್ಣ ನರಗಳು, ಸುತ್ತ ನವಿರಾದ ಅಂಚು.

ಏಳು ತಿಂಗಳ ಹಿಂದೆ ಅವಳು ಮದುವೆಯಾಗಿ ಬಂದ ಮೊದಲ ವಾರವೇ ಇಲಿಮರಿ ಗುರುತುಗಳನ್ನೆಲ್ಲ ಒಪ್ಪಿಸಿದ್ದಳು. ತಾತನದು ಇದು, ಅಪ್ಪನದು ಇದು, ನನ್ನದು ಇದು. "ಎಲೆ ಅಮ್ಮಂದು" ಎಂದು ಕೊನೆಗೆ ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಓಡಿಹೋಗಿದ್ದಳು. ಆ ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ನೀಲಿ ಏಪ್ರನ್ ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಲಟ್ಟಣಿಗೆಯ ಒಂದು ತುದಿ ಅವಳ ಅಂಗೈಗೆ ತಕ್ಕಂತೆ ಸವೆದಿತ್ತು. ಹೊಸಬಳು ಹಿಟ್ಟು ಲಟ್ಟಿಸುವಾಗಲೆಲ್ಲ ಯಾರದೋ ಕೈ ಹಿಡಿದಂತಾಗುತ್ತಿತ್ತು.

ಮನೆಯಲ್ಲಿ ಆ ಹೊತ್ತಿಗೆ ಇನ್ಯಾರಿದ್ದರು? ಗಂಡ ಮಧ್ಯಾಹ್ನದವರೆಗೆ ಕನ್ನಡಕದ ಅಂಗಡಿಯಲ್ಲಿ. ಇಲಿಮರಿ ಈಜಿನ ಕ್ಲಾಸಿನಲ್ಲಿ. ಉಳಿದವರು ಮಾವ, ಮುಂಬಾಗಿಲ ಕುರ್ಚಿ ಬಿಟ್ಟು ಏಳದ, ಕಣ್ಣು ಮಂಜಾದ, ಟೀ ಲೋಟ ಎತ್ತಿದರೆ ಅರ್ಧ ಟೀ ಅಂಗಿಯ ಮೇಲೆ ಚೆಲ್ಲುವ ಮುದುಕ. ಈ ಎಲೆಯಲ್ಲೋ, ಒಂದು ಗೆರೆಯೂ ಅಲುಗಿರಲಿಲ್ಲ.

ಅವಳು ಏಳು ತಿಂಗಳಿಂದ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ನಗುತ್ತಾರೆ ಎಂಬ ಭಯವಲ್ಲ ಅದು. ಗಂಡ ನಗದೇ ಹೋದರೆ?

ಊಟದ ಹೊತ್ತಿಗೆ ನಾಲ್ಕೂ ಪೈಗಳು ಹೊಂಬಣ್ಣಕ್ಕೆ ತಿರುಗಿ, ಎಲೆಯ ನರಗಳಲ್ಲಿ ಕಂದು ಸಾರು ಕುದಿಯುತ್ತಿತ್ತು. ಅವಳು ಎಲೆಯ ಪೈಯನ್ನು ತನ್ನ ಮುಂದೆಯೇ ಇಟ್ಟುಕೊಂಡಳು. ಗಂಡ ಅದನ್ನು ಒಂದು ಕ್ಷಣ ನೋಡಿದ. ಆಮೇಲೆ ಪ್ರತಿ ಭಾನುವಾರದಂತೆ ಅದನ್ನು ತನ್ನತ್ತ ಎಳೆದುಕೊಂಡು, ಕನ್ನಡಕದ ಪೈಯನ್ನು ಅವಳತ್ತ ಸರಿಸಿದ.

"ಇದು ನಂಗಿರಲಿ" ಎಂದ, ಅವಳ ಮುಖ ನೋಡದೆ.

ಕೊನೆಯ ತುಣುಕಿನವರೆಗೂ ತಿಂದ. ತುಟಿ ಪಿಟಕ್ಕೆನ್ನಲಿಲ್ಲ.

ಇವನೇನಾ ಆ ಮನುಷ್ಯ ಎಂದು ಅವಳಿಗೆ ಅನ್ನಿಸುತ್ತಿತ್ತು. ಬೀದಿಯ ತುದಿಯಲ್ಲಿ ಟೈಲರ್ ಆಗಿದ್ದ ಅವಳು ಸೂಜಿಗೆ ದಾರ ಪೋಣಿಸಲಾಗದೆ ಮೊದಲ ಸಲ ಇವನ ಅಂಗಡಿಗೆ ಹೋದ ದಿನ ಎಷ್ಟು ಮಾತಾಡಿದ್ದ!

"ಕೈಯಲ್ಲಿರೋ ಕಾರ್ಡಿನ ಕೆಳಗಿನ ಸಾಲು ಓದಿ."

"ಕಾಣ್ತಿಲ್ಲ."

"ಮೇಲಿಂದು?"

"ಅದೂ ಇಲ್ಲ."

"ಮತ್ತೆ ಏನ್ರೀ ಕಾಣ್ತಿದೆ ನಿಮಗೆ?"

"ನಿಮ್ಮ ಅಂಗಿಯ ಎರಡನೇ ಗುಂಡಿ ಉದುರೋ ಹಾಗಿದೆ."

ಅವನ ಕಿವಿ ಕೆಂಪಾಗಿತ್ತು. ಮರುದಿನ ಅದೇ ಅಂಗಿ ಹಿಡಿದು ಅವಳ ಹೊಲಿಗೆ ಯಂತ್ರದ ಮುಂದೆ ನಿಂತಿದ್ದ. ಗುಂಡಿ ಉದುರಿರಲಿಲ್ಲ, ಕಿತ್ತದ್ದು. ಬಟ್ಟೆಯ ಚೂರು ಅದಕ್ಕಿನ್ನೂ ಅಂಟಿಕೊಂಡಿತ್ತು. ಟೈಲರಮ್ಮನ ಕಣ್ಣು ಅಷ್ಟೇನೂ ಮಂಜಾಗಿರಲಿಲ್ಲ. ಆದರೂ ಸುಮ್ಮನೆ ಹೊಲಿದುಕೊಟ್ಟಳು. ಮುಂದಿನ ಎರಡು ತಿಂಗಳಲ್ಲಿ ಅವನ ಅಂಗಿಗಳಿಗೆ ಏನೋ ರೋಗ ಬಡಿದಂತೆ ಹದಿಮೂರು ಗುಂಡಿಗಳು ಹೋದವು.

ಅಂಥವನು ಭಾನುವಾರ ಬಂತೆಂದರೆ ಮೌನಿಯಾಗುತ್ತಿದ್ದ. ಸತ್ತವಳ ಪಾಲನ್ನು ಬೇರೆಯವರು ಮುಟ್ಟಬಾರದು ಎಂದಲ್ಲದೆ ಇನ್ನೇನು ಅರ್ಥ? ಮುಂದಿನ ಭಾನುವಾರವೂ ಹೀಗೇ ಆದರೆ ಹೊಲಿಗೆ ಅಂಗಡಿಯ ಮೇಲಿನ ತನ್ನ ಹಳೆಯ ಕೋಣೆಗೆ ಹೊರಟುಬಿಡುವುದು ಎಂದು ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ಬದುಕಿದ್ದವಳ ಜೊತೆಗಾದರೆ ಜಗಳವಾದರೂ ಆಡಬಹುದಿತ್ತು.

ಮುಂದಿನ ಭಾನುವಾರ ಬಂತು. ಪೆಟ್ಟಿಗೆಯಲ್ಲಿ ನಾಲ್ಕು ಸೀರೆ ಮಡಿಸಿಟ್ಟೇ ಅವಳು ಹಿಟ್ಟು ಕಲಸಿದಳು. ಪೈಗಳನ್ನು ಫ್ರಿಜ್ಜಿನಲ್ಲಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆ ಒಂದು ಹನಿ ನೀರಿಲ್ಲ. ಗೊಣಗುತ್ತಾ ಬರಿಗಾಲಲ್ಲಿ ಹಿಂದಿರುಗಿದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

ನೀಲಿ ಏಪ್ರನ್ ಮೊಳೆಯ ಮೇಲಿರಲಿಲ್ಲ. ಒಲೆಯ ಪಕ್ಕ ಯಾರೋ ಅದನ್ನು ಕಟ್ಟಿಕೊಂಡು, ಬೆನ್ನು ಬಾಗಿಸಿ ನಿಂತಿದ್ದರು.

"ಯಾರದು? ಬಂದ್ಯೇನಮ್ಮ?"

ಮಾವ! ಎಡಗೈಯ ಬೆರಳಿನಿಂದ ಗೀಟನ್ನು ತಡವುತ್ತಾ, ಬಲಗೈಯ ಸಣ್ಣ ಚಾಕುವಿನಿಂದ ನರಗಳನ್ನು ಸೀಳುತ್ತಿದ್ದರು. ಟೀ ಲೋಟದ ಮುಂದೆ ಗಡಗಡ ನಡುಗುವ ಆ ಕೈ ಚಾಕುವಿನ ಮೇಲೆ ಕಲ್ಲಿನಂತೆ ನಿಂತಿತ್ತು. ಒಂದು ಕಾಲಕ್ಕೆ ಈ ಬೀದಿಯ ಪೈಗಳೆಲ್ಲ ಬೇಯುತ್ತಿದ್ದುದು ಅವರ ಬೇಕರಿಯ ದೊಡ್ಡ ಒಲೆಯಲ್ಲೇ. ಯಾರ ಪೈ ಯಾರದೆಂದು ತಿಳಿಯಲು ಮನೆಮನೆಗೊಂದು ಗುರುತು ಕತ್ತರಿಸುತ್ತಿದ್ದುದು ಅದೇ ಕೈ.

"ಏನ್ ಮಾವ ಇದು? ಏನ್ಮಾಡ್ತಿದೀರಿ?"

"ಇನ್ನೇನು, ನೀನು ಅರ್ಧಕ್ಕೆ ಬಿಟ್ಟಿದ್ದು ಮುಗಿಸ್ತಿದೀನಿ. ಪ್ರತಿ ವಾರ ಒಂದು ನರ ಎಳೆದು ಹೋಗ್ಬಿಡ್ತೀಯ. ಪಾಪ, ಕೆಲಸ ಜಾಸ್ತಿ, ಮರೀತಾಳೆ ಅಂದ್ಕೊಂಡೆ."

"ಎಲೆ ಅವರದಲ್ವಾ?"

"ಯಾರದು? ಸೊಸೆದಮ್ಮ ಅದು! ನಿಮ್ಮತ್ತೆ ಈ ಮನೆಗೆ ಬಂದಾಗ ಅವಳಿಗಿತ್ತು. ಆಮೇಲೆ ತೀರಿಹೋದ್ಳಲ್ಲ, ಆ ಮಗೂಗೆ ಬಂತು. ಈಗ ನಿಂದು. ನಿಂಗೆ ಯಾರೂ ಹೇಳ್ಲೇ ಇಲ್ವಾ?"

ಅವಳಿಗೆ ನಗು ಬಂತು. ನಗುತ್ತಲೇ ನೆಲಕ್ಕೆ ಕುಕ್ಕರಿಸಿದಳು. ಏಳು ತಿಂಗಳು ಕಾಡಿದ ದೆವ್ವ ಏಪ್ರನ್ನಿನ ಗಂಟು ಬಿಚ್ಚಲಾಗದೆ ಒದ್ದಾಡುತ್ತಿತ್ತು. ಎದ್ದು ತಾನೇ ಬಿಚ್ಚಿಕೊಟ್ಟಳು.

ಆದರೆ ಮಧ್ಯಾಹ್ನದ ಹೊತ್ತಿಗೆ ಆ ನಗು ಉಳಿಯಲಿಲ್ಲ. ಎಲೆ ಕತ್ತರಿಸಿದ ಕೈ ಯಾರದೆಂದು ತಿಳಿಯಿತು, ಸರಿ. ಎಳೆದುಕೊಂಡು ತಿನ್ನುವ ಕೈಯ ಮಾತೇನು?

ಆ ದಿನ ಗಂಡ ತಡವಾಗಿ ಬಂದ. ಮಾವ ಉಂಡು ಮಲಗಿದ್ದರು, ಇಲಿಮರಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅವಳು ಉಳಿದೆರಡು ಪೈಗಳನ್ನು ಬಿಸಿಮಾಡಿ ತಂದಳು, ಇಬ್ಬರೇ ಕೂತರು. ಅವನ ಕೈ ಎಲೆಯ ಪೈಯತ್ತ ಚಾಚಿತು. ಅವಳು ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಇದು ನನ್ನದು. ಯಾಕೆ ತಗೋತೀರಿ?"

ಅವನು ಗಾಬರಿಯಾದ. "ನೀನೇ ಅಲ್ವಾ ಎಲೆ ಕತ್ತರಿಸಿ ಇಡ್ತಿದ್ದಿದ್ದು?"

"ನಾನಾ? ಮಾವ ಕತ್ತರಿಸೋದು. ಸೊಸೆ ಗುರುತಂತೆ. ನಂಗೂ ಇವತ್ತೇ ಗೊತ್ತಾಗಿದ್ದು."

ಅವನ ಕೈ ಮೇಜಿನ ಮೇಲೆ ಹಾಗೇ ಉಳಿಯಿತು. ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನೀನು ನಂಗೆ ಹೇಳ್ತಿದೀಯ ಅಂದ್ಕೊಂಡಿದ್ದೆ. ಅವಳನ್ನ ಮರೀಬೇಡಿ ಅಂತ. ನಿಂಗೆ ಗೊತ್ತಾಗ್ಬಿಟ್ಟಿದೆ ಅಂತ."

"ಏನು ಗೊತ್ತಾಗಿದೆ ಅಂತ?"

"ನೀನು ಬಂದ್ಮೇಲೆ ವಾರಗಟ್ಲೆ ನಂಗೆ ಅವಳ ನೆನಪೇ ಬರಲ್ಲ. ಹತ್ತು ವರ್ಷ ಜೊತೇಲಿದ್ಳು. ಅವಳ ದನಿ ಹೇಗಿತ್ತು ಅಂತ ಜ್ಞಾಪಿಸ್ಕೊಳಕ್ಕೆ ಹೋದ್ರೆ ನಿನ್ನ ದನೀನೇ ಕೇಳುತ್ತೆ. ಅದಕ್ಕೇ ವಾರಕ್ಕೊಂದು ಸಲನಾದ್ರೂ... ಅವಳ ಪಾಲು ತಿಂದ್ರೆ ನೆನಪಾಗ್ತಾಳೇನೋ ಅಂತ. ಆಗಲ್ಲ ಕಣೇ. ತಿಂದಾಗಲೂ ನಿನ್ನ ಕೈರುಚಿನೇ."

ಏಳು ತಿಂಗಳಿಂದ ಅವಳು ಕೇಳಬೇಕೆಂದು ಹಂಬಲಿಸಿದ ಮಾತು ಇದೇ. ಈಗ ಬಂದೇಬಿಟ್ಟಿತ್ತು. ಸಂತೋಷ ಉಕ್ಕಿತು, ಅದು ನಿಜ. ಜೊತೆಗೇ ಕಣ್ಣೂ ತುಂಬಿತು, ಮುಖವನ್ನೇ ಕಾಣದ ಆ ಹೆಂಗಸಿಗಾಗಿ. ಇಷ್ಟು ದಿನ ತಾನು ಹೆದರಿದ್ದು ಯಾರಿಗೆ? ತನ್ನಿಂದಾಗಿಯೇ ಈ ಮನೆಯಿಂದ ಮಾಸಿಹೋಗುತ್ತಿದ್ದವಳಿಗೆ.

"ನಾನು ಇವತ್ತು ಹೊರಡೋಳಿದ್ದೆ. ಪೆಟ್ಟಿಗೆ ಕಟ್ಟಿಟ್ಟಿದೀನಿ."

ಅವನು ಕುರ್ಚಿ ಸರಿದು ಬೀಳುವಂತೆ ಎದ್ದ. "ಎಲ್ಲಿಗೆ? ಬೇಡ. ನಿನ್ನ ದಮ್ಮಯ್ಯ, ಹೋಗ್ಬೇಡ."

"ಕೂತ್ಕೊಳ್ಳಿ."

ಕುರ್ಚಿಯನ್ನು ಹಿಡಿದೇ ಕೂತ. ಅವಳು ಎಲೆಯನ್ನು ನಡುವೆ ಕತ್ತರಿಸಿದಳು. ಒಳಗಿನಿಂದ ಬಿಸಿ ಹಬೆ ಎದ್ದು ಅವನ ಕನ್ನಡಕ ಮಂಜಾಯಿತು. ಅರ್ಧವನ್ನು ಅವನ ತಟ್ಟೆಗೆ ಹಾಕಿ, ಅರ್ಧವನ್ನು ತಾನಿಟ್ಟುಕೊಂಡು, ಕುರ್ಚಿಯನ್ನು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

"ಅಕ್ಕ ಹೇಗೆ ನಗ್ತಿದ್ರು?" ಎಂದಳು.

ಅಕ್ಕ ಎಂಬ ಮಾತಿಗೆ ಅವನು ತಲೆಯೆತ್ತಿ ನೋಡಿದ.

"ಸರಿಯಾಗಿ ನೆನಪಿಲ್ಲ."

"ನೆನಪಿರೋವಷ್ಟು ಹೇಳಿ. ಇವತ್ತೇ ಹೇಳಿಬಿಡಿ. ನೀವು ಮರೆತ್ರೂ ನಾನು ಇಟ್ಕೊಂಡಿರ್ತೀನಿ."

ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ತಡವರಿಸುತ್ತಾ ಶುರುಮಾಡಿದ. "ಜೋರಾಗಿ ನಗ್ತಿದ್ಳು. ಬಾಯಿಗೆ ಕೈ ಅಡ್ಡ ಇಟ್ಕೋತಿದ್ಳು, ಮುಂದಿನ ಹಲ್ಲೊಂದು ಸೊಟ್ಟ ಇತ್ತು ಅಂತ..."

"ಯಾವ ಕಡೆದು?"

"ಎಡಗಡೆದು" ಎಂದ. ಎಂದವನೇ ಅಳತೊಡಗಿದ.